ಕಾಸರಗೋಡಿನಿಂದ ಕಾರವಾರಕ್ಕೆ: ಐಎನ್‌ಎಸ್ ಚಪಲ್ ಯುದ್ಧನೌಕೆಯನ್ನು ಸರಿಯಾಗಿ ನೋಡಿ ಬರುವುದು ಹೇಗೆ?

ಕಾಸರಗೋಡು, ಕುಂಬಳೆ, ಮಂಜೇಶ್ವರದ ನಮಗೆ ಕಡಲು ಹೊಸದಲ್ಲ. ಆದರೆ ಯುದ್ಧದ ಹಡಗಿನೊಳಗೆ ಕಾಲಿಟ್ಟವರು ನಮ್ಮಲ್ಲಿ ಎಷ್ಟು ಜನ? ಅದನ್ನು ನೋಡಬೇಕೆಂದರೆ ವಿಶಾಖಪಟ್ಟಣಕ್ಕೇ ಹೋಗಬೇಕು ಅಂತ ಹಲವರು ಸುಮ್ಮನಿರುತ್ತಾರೆ. ಅಷ್ಟು ದೂರ ಬೇಡ. ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ಹೆದ್ದಾರಿಯಿಂದ ಕಾಣುವ ಹಾಗೇ, ಐಎನ್‌ಎಸ್ ಚಪಲ್ ನಿಂತಿದೆ. ನೌಕಾಪಡೆಯ ಕೆಲಸ ಮುಗಿಸಿ 2006ರಿಂದ ಅದು ಮ್ಯೂಸಿಯಂ.

ತೊಂದರೆ ಏನೆಂದರೆ, ಹೋದವರಲ್ಲಿ ಜಾಸ್ತಿ ಜನ ಕಾಲು ಗಂಟೆಯಲ್ಲಿ ಹೊರಗೆ ಬಂದು "ಇಷ್ಟೇನಾ?" ಅನ್ನುತ್ತಾರೆ. ಅವರ ತಪ್ಪೂ ಅಲ್ಲ. ಹಡಗು ಚಿಕ್ಕದು. ಉದ್ದ ಸುಮಾರು 39 ಮೀಟರ್, ಅಗಲ ಎಂಟು ಮೀಟರಿಗೂ ಕಡಿಮೆ. ಏನು ನೋಡಬೇಕು ಅಂತ ಗೊತ್ತಿಲ್ಲದೆ ಹೋದರೆ ಬಣ್ಣ ಬಳಿದ ಕಬ್ಬಿಣ ಅಷ್ಟೇ ಕಾಣುತ್ತದೆ. ಗೊತ್ತಿದ್ದು ಹೋದರೆ ಒಂದೂವರೆ ಗಂಟೆ ಸಾಲದು. ಆ ಗೊತ್ತಿರಬೇಕಾದ ಸಂಗತಿಗಳನ್ನು, ಹೋಗಿ ಬರುವ ದಾರಿಯನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ.

ಹಂತ 1: ಮನೆಯಲ್ಲೇ ಸ್ವಲ್ಪ ಕಥೆ ತಿಳಿದುಕೊಳ್ಳಿ

ಮೊದಲು ಒಂದು ತಪ್ಪು ಕಲ್ಪನೆ ಬಿಡಿಸೋಣ. "ಇದೇ ಹಡಗು 1971ರಲ್ಲಿ ಕರಾಚಿಗೆ ಬೆಂಕಿ ಹಚ್ಚಿದ್ದು" ಅಂತ ಎಷ್ಟೋ ಕಡೆ ಹೇಳುತ್ತಾರೆ, ಬರೆಯುತ್ತಾರೆ. ಅಲ್ಲ. ಚಪಲ್ ನಮ್ಮ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಸೇವೆಯಿಂದ ಇಳಿದದ್ದು 2005ರಲ್ಲಿ. 1971ರ ಯುದ್ಧ ಮುಗಿದು ವರ್ಷಗಳೇ ಕಳೆದ ಮೇಲೆ ಬಂದ ಹಡಗು ಇದು.

ಕರಾಚಿಗೆ ಹೋದವು ಇದರ ಅಣ್ಣಂದಿರು. 1971ರಲ್ಲಿ ಸೋವಿಯತ್ ಒಕ್ಕೂಟದಿಂದ ಎಂಟು ಕ್ಷಿಪಣಿ ದೋಣಿಗಳು ಬಂದವು. ಅವನ್ನು ಓಸಾ-1 ಮಾದರಿ ಅನ್ನುತ್ತಾರೆ. ಡಿಸೆಂಬರ್ 4ರ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ದೋಣಿಗಳು ಕರಾಚಿಯ ಹತ್ತಿರ ಹೋಗಿ ಕ್ಷಿಪಣಿ ಹಾರಿಸಿದವು. ಪಾಕಿಸ್ತಾನದ ಖೈಬರ್ ಎಂಬ ಡೆಸ್ಟ್ರಾಯರ್ (ದೊಡ್ಡ ಯುದ್ಧನೌಕೆ), ಮುಹಾಫಿಜ್ ಎಂಬ ಮೈನ್‌ಸ್ವೀಪರ್ (ಕಡಲಿನಲ್ಲಿ ಹುದುಗಿಸಿದ ಸ್ಫೋಟಕ ತೆಗೆಯುವ ಹಡಗು) ಮುಳುಗಿದವು. ಇದು ಆಪರೇಷನ್ ಟ್ರೈಡೆಂಟ್. ಡಿಸೆಂಬರ್ 4 ನೌಕಾಪಡೆ ದಿನ ಆದದ್ದು ಇದರಿಂದಲೇ. ನಾಲ್ಕು ದಿನ ಬಿಟ್ಟು ವಿನಾಶ್ ಎಂಬ ಇನ್ನೊಂದು ದೋಣಿ ಹೋಗಿ ಕರಾಚಿಯ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಹಚ್ಚಿತು. ಅದು ಆಪರೇಷನ್ ಪೈಥಾನ್.

ಇದರಲ್ಲಿ ನನಗೆ ಇಷ್ಟವಾದ ಒಂದು ಸಂಗತಿ ಇದೆ. ಈ ದೋಣಿಗಳನ್ನು ಮಾಡಿದ್ದು ತಮ್ಮ ದಡ ಕಾಯುವುದಕ್ಕೆ. ದೂರ ಹೋಗುವಷ್ಟು ಡೀಸೆಲ್ ಅವುಗಳಲ್ಲಿ ಹಿಡಿಸುತ್ತಿರಲಿಲ್ಲ. ರಷ್ಯಾದಿಂದ ಬಂದಾಗ ಇವನ್ನು ದೊಡ್ಡ ಹಡಗುಗಳಿಂದ ಇಳಿಸಲು ಬೇಕಾದ ಕ್ರೇನು ಇದ್ದದ್ದು ಕಲ್ಕತ್ತೆಯಲ್ಲಿ. ಅಲ್ಲಿ ಇಳಿಸಿ, ಹಗ್ಗ ಕಟ್ಟಿ ಎಳೆದುಕೊಂಡೇ ಮುಂಬಯಿಗೆ ತಂದರು. ಅಂದರೆ ಕನ್ಯಾಕುಮಾರಿ ಸುತ್ತಿ ನಮ್ಮ ಕಡಲಿನ ಮೇಲಿಂದಲೇ ಹೋಗಿರಬೇಕು, ಅಲ್ವಾ? ಎಳೆದುಕೊಂಡು ಇಷ್ಟು ದೂರ ತರಬಹುದಾದರೆ, ಎಳೆದುಕೊಂಡೇ ಕರಾಚಿಯ ಹತ್ತಿರಕ್ಕೂ ಒಯ್ಯಬಹುದು ಎಂಬ ಲೆಕ್ಕಾಚಾರ ಹುಟ್ಟಿದ್ದು ಆಗ. ನಾವಿಕರು ತರಬೇತಿ ಪಡೆದದ್ದು ರಷ್ಯಾದಲ್ಲಿ. ಹಾಗಾಗಿ ದಾಳಿಯ ರಾತ್ರಿ ರೇಡಿಯೋದಲ್ಲಿ ರಷ್ಯನ್ ಭಾಷೆಯಲ್ಲೇ ಮಾತಾಡಿಕೊಂಡರು. ಕದ್ದು ಕೇಳುವವರಿಗೆ ತಲೆಬುಡ ತಿಳಿಯಲಿಲ್ಲ.

ಮಕ್ಕಳಿಗೆ ಗೆಲುವಿನ ಕಥೆ ಮಾತ್ರ ಹೇಳಬೇಡಿ. ಅದೇ ಡಿಸೆಂಬರ್ 9ರಂದು ದಿಯು ಹತ್ತಿರ ನಮ್ಮ ಐಎನ್‌ಎಸ್ ಖುಕ್ರಿ ಮುಳುಗಿತು. ಹ್ಯಾಂಗೋರ್ ಎಂಬ ಪಾಕಿಸ್ತಾನಿ ಜಲಾಂತರ್ಗಾಮಿ ಹೊಡೆದದ್ದು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಸೇರಿ 194 ಜನ ಸತ್ತರು.

ಇನ್ನು ಚಪಲ್. ಕರಾಚಿಯ ಗೆಲುವಿನ ನಂತರ ಭಾರತ ಇದೇ ಜಾತಿಯ, ಸುಧಾರಿಸಿದ ಓಸಾ-2 ಮಾದರಿಯ ಇನ್ನೂ ಎಂಟು ದೋಣಿಗಳನ್ನು ತರಿಸಿತು. ಚಮಕ್, ಚಾತಕ್, ಪ್ರಲಯ್, ಪ್ರತಾಪ್ ಇವೆಲ್ಲ ಆ ಗುಂಪಿನವು. ಚಪಲ್ ಅವುಗಳಲ್ಲಿ ಒಂದು. ಅದೇ ವಂಶ, ಅದೇ ಯುದ್ಧತಂತ್ರ. ಕರಾಚಿಗೆ ಹೋಗಲಿಲ್ಲ ಅಂತ ಅದರ ಬೆಲೆ ಏನೂ ಕಡಿಮೆ ಆಗುವುದಿಲ್ಲ. ಸುಳ್ಳು ಕಥೆ ಅಂಟಿಸುವುದು ಬೇಡ ಅಷ್ಟೆ.

ಹಂತ 2: ಕಾಲ ನೋಡಿ ಹೊರಡಿ

ನವೆಂಬರಿನಿಂದ ಫೆಬ್ರವರಿ ಒಳ್ಳೆಯದು. ಮಾರ್ಚ್ ಬಂತೆಂದರೆ ಬಿಸಿಲಿಗೆ ಹಡಗಿನ ಕಬ್ಬಿಣ ಕಾದಿರುತ್ತದೆ. ಕೈಹಿಡಿ ಮುಟ್ಟಲಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರವಾರದ ಮಳೆ ನಮ್ಮ ಮಳೆಗೆ ಏನೂ ಸೋಲುವುದಿಲ್ಲ. ಡೆಕ್, ಅಂದರೆ ಹಡಗಿನ ಮೇಲಿನ ನೆಲ, ಜಾರುತ್ತದೆ, ಕಡಲತೀರದಲ್ಲಿ ನಿಲ್ಲಲೂ ಆಗುವುದಿಲ್ಲ. ಆ ಸಮಯದಲ್ಲಿ ಕೊಂಕಣ ರೈಲಿನ ವೇಳಾಪಟ್ಟಿಯೂ ಬೇರೆ. ಗುಡ್ಡ ಕುಸಿಯುವ ಭಯದಿಂದ ಗಾಡಿಗಳು ನಿಧಾನ ಓಡುತ್ತವೆ.

ಡಿಸೆಂಬರ್ ಮೊದಲ ವಾರ ಸಿಕ್ಕಿದರೆ ಇನ್ನೂ ಚೆನ್ನ. ನೌಕಾಪಡೆ ದಿನದ ಸುಮಾರಿಗೆ ಕಾರವಾರದ ನೌಕಾನೆಲೆಯಲ್ಲಿ ಸಾರ್ವಜನಿಕರಿಗೆ ಹಡಗು ತೋರಿಸುವ ಕಾರ್ಯಕ್ರಮ ಇಟ್ಟದ್ದುಂಟು. ಪೇಪರಿನಲ್ಲಿ ಪ್ರಕಟಣೆ ಬರುತ್ತದೆ. ಗುರುತಿನ ಚೀಟಿ ಬೇಕಾಗುತ್ತದೆ, ಆಧಾರ್ ಕಾರ್ಡಿನ ಅಸಲು ಇಟ್ಟುಕೊಳ್ಳಿ. ಹಳೆಯ ಚಪಲ್ ನೋಡಿ, ಅದೇ ಊರಲ್ಲಿ ಈಗ ಕೆಲಸದಲ್ಲಿರುವ ಹಡಗನ್ನೂ ನೋಡಿದರೆ ಎರಡರ ವ್ಯತ್ಯಾಸ ತಾನಾಗಿಯೇ ತಿಳಿಯುತ್ತದೆ.

ಹೊರಡುವ ಮುಂಚೆ ಫೋನು ಮಾಡಿ ಮ್ಯೂಸಿಯಂ ತೆರೆದಿರುವ ಹೊತ್ತು, ವಾರದ ರಜೆ ಕೇಳಿಕೊಳ್ಳಿ. ಉತ್ತರ ಕನ್ನಡ ಜಿಲ್ಲೆಯ ಪ್ರವಾಸೋದ್ಯಮ ಕಚೇರಿಯವರು ಹೇಳುತ್ತಾರೆ. ಬಣ್ಣ ಬಳಿಯುವುದು, ತುಕ್ಕು ತೆಗೆಯುವುದು ಅಂತ ಆಗಾಗ ಬಾಗಿಲು ಹಾಕುತ್ತಾರೆ. ಉಪ್ಪುಗಾಳಿಗೆ ನಿಂತ ಹಡಗು, ಏನು ಮಾಡುವುದು. ಮುನ್ನೂರು ಕಿಲೋಮೀಟರ್ ಹೋಗಿ ಬೀಗ ನೋಡಿ ಬರುವುದಕ್ಕಿಂತ ಒಂದು ಫೋನು ವಾಸಿ.

ಹಂತ 3: ದಾರಿ

ಕಾಸರಗೋಡಿನಿಂದ ಮಂಗಳೂರಿಗೆ 50 ಕಿ.ಮೀ., ಅಲ್ಲಿಂದ ಕಾರವಾರಕ್ಕೆ ಸುಮಾರು 270. ದಾರಿ ಪೂರ್ತಿ ಒಂದೇ ಹೆದ್ದಾರಿ, 66. ಕಾರಿನಲ್ಲಿ ಹೋಗುವವರು ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾ, ಅಂಕೋಲಾ ಅಂತ ನೆಟ್ಟಗೆ ಹೋದರೆ ಆಯಿತು. ಆದರೆ ಅದೇ ದಿನ ಹೋಗಿ ಅದೇ ದಿನ ಬರುವ ಲೆಕ್ಕ ಹಾಕಬೇಡಿ. ಡ್ರೈವರಿಗೆ ಜೀವ ಹೋಗುತ್ತದೆ. ಕುಮಟಾದಲ್ಲೋ ಗೋಕರ್ಣದಲ್ಲೋ ಒಂದು ರಾತ್ರಿ ಉಳಿಯಿರಿ.

ನನ್ನ ಓಟು ರೈಲಿಗೆ. ಕಾಸರಗೋಡಿನಲ್ಲಿ ನಿಲ್ಲುವ ನೇತ್ರಾವತಿ, ಮಂಗಳಾ ಎಕ್ಸ್‌ಪ್ರೆಸ್‌ಗಳು ನೇರ ಕಾರವಾರಕ್ಕೆ ಹೋಗುತ್ತವೆ ನಿಜ. ಆದರೆ ಅವು ಕಾರವಾರ ಮುಟ್ಟುವುದು ನಡುರಾತ್ರಿಯಲ್ಲಿ. ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಆ ಹೊತ್ತಿಗೆ ಸ್ಟೇಷನ್ನಿನಲ್ಲಿ ಇಳಿದು ಏನು ಮಾಡುತ್ತೀರಿ?

ಅದಕ್ಕಿಂತ ಮಂಗಳೂರು ಸೆಂಟ್ರಲ್‌ನಿಂದ ಮಡಗಾಂವ್‌ಗೆ ಹೋಗುವ ವಂದೇ ಭಾರತ್ ಒಳ್ಳೆಯದು. 2023ರ ಡಿಸೆಂಬರ್ ಕೊನೆಗೆ ಶುರುವಾದ ಗಾಡಿ. ಬೆಳಿಗ್ಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ಕಾರವಾರ ಮುಟ್ಟುತ್ತದೆ. ಅದೇ ಗಾಡಿ ಸಂಜೆ ವಾಪಸು ಬರುತ್ತದೆ. ನಡುವೆ ನಿಮಗೆ ಕಾರವಾರದಲ್ಲಿ ಆರು ಗಂಟೆಯಷ್ಟು ಸಿಗುತ್ತದೆ. ಚಪಲ್ ನೋಡುವುದಕ್ಕೆ ಅದು ಧಾರಾಳ. ವಾರದಲ್ಲಿ ಒಂದು ದಿನ ಓಡುವುದಿಲ್ಲ, ಟಿಕೆಟ್ ತೆಗೆಯುವಾಗಲೇ ದಿನ, ಸಮಯ ಎರಡನ್ನೂ ನೋಡಿಕೊಳ್ಳಿ. ಹೋಗುವ ಟಿಕೆಟ್ಟಿನ ಜೊತೆಗೇ ಬರುವ ಟಿಕೆಟ್ಟೂ ಮಾಡಿಬಿಡಿ.

ಕಾಸರಗೋಡಿನಿಂದ ಬೆಳಗಿನ ಜಾವದ ಬಸ್ಸು ಹಿಡಿದು ಹಂಪನಕಟ್ಟೆಯಲ್ಲಿ ಇಳಿದರೆ ಸೆಂಟ್ರಲ್ ಸ್ಟೇಷನ್ ಹತ್ತಿರವೇ. ತಲಪಾಡಿ, ತೊಕ್ಕೊಟ್ಟಿನ ಟ್ರಾಫಿಕ್ಕಿಗೆ ಅರ್ಧ ಗಂಟೆ ಕೈಯಲ್ಲಿಟ್ಟುಕೊಳ್ಳಿ.

ಕಾರವಾರದ ರೈಲು ನಿಲ್ದಾಣ ಪೇಟೆಯಲ್ಲಿಲ್ಲ, ಶಿರವಾಡದಲ್ಲಿದೆ. ಕೆಲವು ಕಿಲೋಮೀಟರ್ ಆಟೋದಲ್ಲಿ ಹೋಗಬೇಕು. "ವಾರ್‌ಶಿಪ್ ಮ್ಯೂಸಿಯಂ" ಅಂದರೆ ಸಾಕು, ಹತ್ತಿಸಿಕೊಳ್ಳುತ್ತಾರೆ. ಹತ್ತುವ ಮುಂಚೆ ಬಾಡಿಗೆ ಮಾತಾಡಿ. ಮನೆಯಲ್ಲಿ ಕೊಂಕಣಿ ಮಾತಾಡುವ ಮಂಜೇಶ್ವರ, ಕುಂಬಳೆಯವರಿಗೆ ಇಲ್ಲಿ ಒಂದು ಅನುಕೂಲ ಇದೆ. ಮಾತಿನ ಧಾಟಿ ಬೇರೆಯಾದರೂ ಕಾರವಾರದವರಿಗೆ ನಿಮ್ಮ ಕೊಂಕಣಿ ತಿಳಿಯುತ್ತದೆ, ಬಾಡಿಗೆಯೂ ಸ್ವಲ್ಪ ಇಳಿಯಬಹುದು!

ಹಂತ 4: ಉಡುಪು, ಚೀಲ

ಹಡಗಿನ ಏಣಿ ಮನೆಯ ಮೆಟ್ಟಿಲಿನ ಹಾಗಲ್ಲ. ಕಡಿದು, ಕಿರಿದು. ಮುಂಡು, ಉದ್ದ ಲಂಗ, ಹೈಹೀಲ್ಸ್ ಬೇಡ. ಪ್ಯಾಂಟು, ಚೂಡಿದಾರ, ಜಾರದ ಚಪ್ಪಲಿ ಸಾಕು. ಬೆನ್ನಿಗೆ ದಪ್ಪ ಚೀಲ ಹಾಕಿಕೊಂಡರೆ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ನೀರು, ಟೋಪಿ, ಸಣ್ಣ ಟಾರ್ಚು ಇರಲಿ. ಟಿಕೆಟ್ಟಿಗೆ ಚಿಲ್ಲರೆ ಇಟ್ಟುಕೊಳ್ಳಿ, ದರ ಹೆಚ್ಚೇನಿಲ್ಲ.

ಹಂತ 5: ಒಳಗೆ ಹೋಗುವ ಮುಂಚೆ ಸುತ್ತು ಹಾಕಿ

ಎಲ್ಲರೂ ಟಿಕೆಟ್ ತೆಗೆದ ಕೂಡಲೇ ಏಣಿ ಹತ್ತುತ್ತಾರೆ. ನೀವು ಹತ್ತಬೇಡಿ. ಈ ಹಡಗಿನ ಮುಕ್ಕಾಲು ಪಾಲು ಕಥೆ ಹೊರಗೇ ಇದೆ.

ಎದುರಿನಿಂದ ಶುರು ಮಾಡಿ. ಮೂತಿಯ ಹತ್ತಿರ, ಡೆಕ್ಕಿನ ಮೇಲೆ ಒಂದು ದುಂಡನೆಯ ಗುಮ್ಮಟ, ಅದರಿಂದ ಎರಡು ಸಣ್ಣ ನಳಿಕೆ ಹೊರಬಂದಿವೆ. ಅದು ಎಕೆ-230 ಎಂಬ ಫಿರಂಗಿ, 30 ಮಿ.ಮೀ. ಗುಂಡಿನದ್ದು. ಹಿಂದೆಯೂ ಇಂಥದ್ದೇ ಇನ್ನೊಂದು. ಗುಮ್ಮಟದೊಳಗೆ ಕೂತು ಗುಂಡು ಹೊಡೆಯುವವರು ಯಾರೂ ಇರುತ್ತಿರಲಿಲ್ಲ. ರಾಡಾರ್ ಹೇಳಿದ ಕಡೆಗೆ ಅದೇ ತಿರುಗುತ್ತಿತ್ತು. ಇದು ಶತ್ರುವನ್ನು ಬೆನ್ನಟ್ಟಲಿಕ್ಕಲ್ಲ, ತಲೆಯ ಮೇಲೆ ಬರುವ ವಿಮಾನದಿಂದ ಬಚಾವಾಗಲಿಕ್ಕೆ.

ಈಗ ಬದಿಗೆ ಬನ್ನಿ. ದೊಡ್ಡ ಮೋರಿ ಪೈಪಿನ ಹಾಗೆ ದುಂಡಗಿನ ನಾಲ್ಕು ಕೊಳವೆಗಳು, ಒಂದೊಂದು ಬದಿಗೆ ಎರಡೆರಡು, ಮೂತಿ ಮೇಲೆತ್ತಿ ನಿಂತಿವೆ. ಇವೇ ಕ್ಷಿಪಣಿ ಗೂಡುಗಳು. ಇಡೀ ಹಡಗು ಇರುವುದೇ ಇವುಗಳನ್ನು ಹೊತ್ತುಕೊಂಡು ಹೋಗುವುದಕ್ಕೆ. ಇಲ್ಲಿ ಎರಡು ವಿಷಯ ಗಮನಿಸಿ.

ಒಂದು, ಕೊಳವೆ ದುಂಡಗಿದೆ. 1971ರ ಓಸಾ-1 ದೋಣಿಗಳಲ್ಲಿ ಇದು ಪೆಟ್ಟಿಗೆಯ ಆಕಾರದಲ್ಲಿತ್ತು, ಏಕೆಂದರೆ ಆ ಕ್ಷಿಪಣಿಯ ರೆಕ್ಕೆ ಮಡಚುತ್ತಿರಲಿಲ್ಲ. ಓಸಾ-2ಕ್ಕೆ ಬರುವ ಹೊತ್ತಿಗೆ ರೆಕ್ಕೆ ಮಡಚುವ ಕ್ಷಿಪಣಿ ಬಂತು, ದುಂಡು ಕೊಳವೆ ಸಾಕಾಯಿತು. ಯಾರಾದರೂ ನಿಮ್ಮ ಪಕ್ಕ ನಿಂತು "ಇದೇ ಕರಾಚಿಗೆ ಹೋದದ್ದು" ಅಂದರೆ ಈ ಕೊಳವೆ ತೋರಿಸಿ. ವಾದವೇ ಬೇಡ.

ಎರಡು, ಹಿಂದಿನ ಜೋಡಿ ಮುಂದಿನದ್ದಕ್ಕಿಂತ ಸ್ವಲ್ಪ ಹೆಚ್ಚು ಮೇಲಕ್ಕೆ ಮುಖ ಮಾಡಿದೆ. ಹಿಂದಿನ ಕ್ಷಿಪಣಿ ಮುಂದಿನ ಗೂಡಿನ ಮೇಲಿಂದ ಹಾರಿ ಹೋಗಬೇಕಲ್ಲ!

ಒಂದು ಸಂಜೆ ಇದೇ ಜಾಗದಲ್ಲಿ ಕುಂಬಳೆ ಕಡೆಯ ಒಬ್ಬ ಅಜ್ಜ ಮತ್ತು ಮೊಮ್ಮಗ ನಿಂತಿದ್ದರು. ಹುಡುಗ ಕೊಳವೆಯನ್ನೇ ನೋಡುತ್ತಿದ್ದ.

"ಅಜ್ಜಾ, ಇದರೊಳಗೆ ಈಗ ಬಾಂಬು ಉಂಟಾ?"

"ಇಲ್ಲ ಮಗಾ. ಮುಂಚೆ ಇತ್ತು. ಒಂದೊಂದರಲ್ಲಿ ಒಂದು."

"ನಾಲ್ಕೂ ಬಿಟ್ಟಾದ ಮೇಲೆ?"

ಅಜ್ಜ ಸ್ವಲ್ಪ ಯೋಚಿಸಿದರು. "ಮತ್ತೆ ಓಡುವುದು."

ಅಜ್ಜ ಹೇಳಿದ್ದು ನೂರಕ್ಕೆ ನೂರು ಸರಿ. ಈ ಹಡಗಿನ ಯುದ್ಧತಂತ್ರವೇ ಅದು. ಕತ್ತಲಲ್ಲಿ ವೇಗವಾಗಿ ಬಾ, ನಾಲ್ಕು ಕ್ಷಿಪಣಿ ಬಿಡು, ಇನ್ನೊಬ್ಬರಿಗೆ ಗೊತ್ತಾಗುವ ಮುಂಚೆ ತಿರುಗು. ಗಂಟೆಗೆ 70 ಕಿ.ಮೀ. ಹತ್ತಿರದ ವೇಗ ಇದಕ್ಕೆ ಬೇಕಾದದ್ದು ಅದಕ್ಕೇ. ಅಷ್ಟು ಓಡಿಸಲಿಕ್ಕೆ ಮೂರು ಡೀಸೆಲ್ ಎಂಜಿನ್, ಒಂದೊಂದರಲ್ಲಿ 56 ಸಿಲಿಂಡರ್. ಹೌದು, 56. ನಡುವೆ ಒಂದು ದಂಡ, ಅದರ ಸುತ್ತ ಏಳು ಸಾಲು, ಸಾಲಿಗೆ ಎಂಟು ಸಿಲಿಂಡರ್. ರಿಪೇರಿಯವನ ಗತಿ ಏನಾಗಿರಬೇಡ.

ಆ ಕ್ಷಿಪಣಿಯ ಹೆಸರು ಪಿ-15. ಪಶ್ಚಿಮದವರು ಇಟ್ಟ ಹೆಸರು ಸ್ಟಿಕ್ಸ್. ತೂಕ ಎರಡು ಟನ್ನಿಗೂ ಜಾಸ್ತಿ. ಒಳಗೆ ಅರ್ಧ ಟನ್ನಿನ ಹತ್ತಿರದ ಸ್ಫೋಟಕ. ಹೊಟ್ಟೆಯ ಕೆಳಗೆ ಕಟ್ಟಿದ ರಾಕೆಟ್ ಮೊದಲು ಅದನ್ನು ಗೂಡಿನಿಂದ ಹೊರಗೆ ತಳ್ಳುತ್ತದೆ, ಆಮೇಲೆ ಕಳಚಿ ನೀರಿಗೆ ಬೀಳುತ್ತದೆ. ನಂತರ ಕ್ಷಿಪಣಿ ತನ್ನದೇ ಎಂಜಿನ್ನಿನಲ್ಲಿ ಹೋಗಿ, ಹತ್ತಿರ ಬಂದಾಗ ತನ್ನದೇ ರಾಡಾರಿನಿಂದ ಗುರಿ ಹುಡುಕಿಕೊಳ್ಳುತ್ತದೆ. ಅದರ ದ್ರವ ಇಂಧನ ಎಷ್ಟು ವಿಷ ಎಂದರೆ, ತುಂಬುವವರು ಮುಖವಾಡ ಹಾಕಿಕೊಳ್ಳಬೇಕಿತ್ತು.

1967ರ ಅಕ್ಟೋಬರ್ 21ರಂದು ಈಜಿಪ್ಟಿನ ಸಣ್ಣ ದೋಣಿಗಳು ಇದೇ ಕ್ಷಿಪಣಿಯಿಂದ ಇಸ್ರೇಲಿನ ಐಲಾತ್ ಎಂಬ ಡೆಸ್ಟ್ರಾಯರನ್ನು ಮುಳುಗಿಸಿದವು. ಜಗತ್ತಿನ ನೌಕಾಪಡೆಗಳೆಲ್ಲ ಅವತ್ತು ಬೆಚ್ಚಿಬಿದ್ದವು. ಯಾಕೆ ಅಂತ ತಿಳಿಯಬೇಕಾದರೆ ಹಳೆಯ ದೈತ್ಯ ಹಡಗುಗಳ ಲೆಕ್ಕ ನೋಡಬೇಕು. ಅಮೆರಿಕದ ಮಿಸ್ಸೂರಿ ಎಂಬ ಬ್ಯಾಟಲ್‌ಶಿಪ್ ಈಗ ಪರ್ಲ್ ಹಾರ್ಬರಿನಲ್ಲಿ ಮ್ಯೂಸಿಯಂ. 1945ರ ಸೆಪ್ಟೆಂಬರ್ 2ರಂದು ಜಪಾನ್ ಶರಣಾದದ್ದು ಅದರ ಡೆಕ್ಕಿನ ಮೇಲೆ. ಭಾರ ತುಂಬಿದರೆ 50 ಸಾವಿರ ಟನ್ನಿಗೂ ಜಾಸ್ತಿ ತೂಗುವ ಹಡಗು. ಅದರ 16 ಇಂಚಿನ ಫಿರಂಗಿಗಳು ಸುಮಾರು 38 ಕಿ.ಮೀ. ದೂರ ಹೊಡೆಯುತ್ತಿದ್ದವು. ಪಿ-15 ಹೋಗುವ ದೂರ ಸುಮಾರು 40 ಕಿ.ಮೀ. ಹೊತ್ತುಕೊಂಡು ಹೋಗುವ ಹಡಗು ಪೂರ್ತಿ ತುಂಬಿದರೂ 240 ಟನ್ನಿನ ಆಸುಪಾಸು, ಒಳಗಿರುವವರು ಸುಮಾರು 30 ಜನ. ಇಷ್ಟು ಸಣ್ಣ ಹಡಗನ್ನು ನೋಡಲು ಯಾಕೆ ಹೋಗಬೇಕು ಅಂತ ಕೇಳುವವರಿಗೆ ನಾನು ಹೇಳುವುದು ಈ ಲೆಕ್ಕವನ್ನೇ.

ಸುತ್ತು ಮುಗಿಸುವ ಮುಂಚೆ ಹಿಂಭಾಗಕ್ಕೂ ಹೋಗಿ. ನೀರಿನಲ್ಲಿದ್ದರೆ ಕಾಣದ ಹೊಟ್ಟೆಯ ಭಾಗ ಇಲ್ಲಿ ಕಣ್ಣೆದುರಿಗಿದೆ. ಬಣ್ಣದ ಮೇಲೆ ಬಣ್ಣ ಬಳಿದ ಪದರಗಳು, ಅದರ ನಡುವೆ ಇಣುಕುವ ತುಕ್ಕು ಕೂಡ.

ಹಂತ 6: ಒಳಗೆ

ಒಳಗೆ ಹೋಗುವಾಗ ಎರಡೇ ನಿಯಮ: ತಲೆ ತಗ್ಗಿಸಿ, ಕಾಲು ಎತ್ತಿ. ಹಡಗಿನ ಬಾಗಿಲಿನ ಹೊಸ್ತಿಲು ಎತ್ತರ. ಒಂದು ಕೋಣೆಗೆ ನೀರು ನುಗ್ಗಿದರೆ ಪಕ್ಕದ ಕೋಣೆಗೆ ಹರಿಯಬಾರದು, ಅದಕ್ಕೆ. ಮೊಣಕಾಲು ನೋವಿರುವವರನ್ನು ಕೆಳಗಿನ ಕೋಣೆಗಳಿಗೆ ಒತ್ತಾಯ ಮಾಡಿ ಇಳಿಸಬೇಡಿ. ಹೊರಗಿನ ಸುತ್ತು ಅವರಿಗೆ ಸಾಕು. ಬೇಕಾದರೆ ಒಬ್ಬರು ಒಳಗಿನದ್ದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ ತೋರಿಸಲಿ, ಅನುಮತಿ ಕೇಳಿಕೊಂಡು.

ಇಳಿಯುವಾಗ ಏಣಿಗೆ ಮುಖ ಮಾಡಿ ಇಳಿಯಿರಿ. ಬೆನ್ನು ಕೊಟ್ಟು ಇಳಿಯುವವರೇ ಜಾರುವುದು.

ನಾವಿಕರ ಗೊಂಬೆಗಳನ್ನು ನಿಲ್ಲಿಸಿ ಯಾರು ಎಲ್ಲಿ ಏನು ಮಾಡುತ್ತಿದ್ದರು ಅಂತ ತೋರಿಸಿದ್ದಾರೆ. ಮಕ್ಕಳು ಅದರ ಪಕ್ಕ ಫೋಟೋ ತೆಗೆಸಿಕೊಳ್ಳುವುದರಲ್ಲೇ ಮುಗಿಸುತ್ತಾರೆ. ಫೋಟೋ ಆಗಲಿ. ಆಮೇಲೆ ಅವರಿಗೊಂದು ಕೆಲಸ ಕೊಡಿ. ಮಲಗುವ ಜಾಗ ಎಷ್ಟು ಗೇಣು ಅಗಲ ಇದೆ ಅಂತ ಅಳೆಯಲಿ. 30 ಜನ ಎಲ್ಲಿ ಉಣ್ಣುತ್ತಿದ್ದರು, ನೀರು ಎಲ್ಲಿಂದ ಬರುತ್ತಿತ್ತು, ಎಂಜಿನ್ನಿನ ಸದ್ದಿನಲ್ಲಿ ನಿದ್ದೆ ಬರುತ್ತಿತ್ತಾ ಅಂತ ಕೇಳಿ. ಅವರೇ ಹುಡುಕುತ್ತಾರೆ. ಅಧಿಕಾರಿಯ ಕ್ಯಾಬಿನ್ ನೋಡಿ, ಆಮೇಲೆ ನಾವಿಕರ ಜಾಗ ನೋಡಿ. ಮೇಲು ಕೆಳಗು ಹಡಗಿನಲ್ಲೂ ಇತ್ತು. ಆದರೆ ಇಷ್ಟು ಸಣ್ಣ ಹಡಗಿನಲ್ಲಿ ಕ್ಯಾಪ್ಟನ್ನಿಗೂ ಕೈಕಾಲು ಚಾಚುವ ಜಾಗ ಇರಲಿಲ್ಲ.

ಮುಂದಿನ ಕಂಟ್ರೋಲ್ ಜಾಗದಲ್ಲಿ ಗುಂಡಿಗಳು, ಮೀಟರುಗಳು ಕಾಣುತ್ತವೆ. ಅವುಗಳ ಮೇಲಿನ ಅಕ್ಷರ ಯಾವ ಲಿಪಿ ಅಂತ ಹುಡುಕಿ ನೋಡಿ. ಒತ್ತುವುದು, ತಿರುಗಿಸುವುದು ಬೇಡ. ಹಳೆಯ ಯಂತ್ರದ ಒಂದು ಗುಂಡಿ ಮುರಿದರೆ ಬದಲಿ ಎಲ್ಲಿಂದ ತರುವುದು?

ಹಂತ 7: ಪಕ್ಕದ ವಿಮಾನ ಬಿಡಬೇಡಿ

ಚಪಲ್‌ನ ಪಕ್ಕದಲ್ಲೇ ಈಚೆಗೆ ಟುಪೊಲೆವ್ ಟಿಯು-142ಎಂ ವಿಮಾನವನ್ನು ಮ್ಯೂಸಿಯಂ ಮಾಡಿದ್ದಾರೆ. 1988ರಿಂದ 2017ರ ತನಕ ನೌಕಾಪಡೆಯಲ್ಲಿದ್ದ ವಿಮಾನ ಜಾತಿ. ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರಿ ಜಲಾಂತರ್ಗಾಮಿಗಳನ್ನು ಹುಡುಕುವುದು ಇದರ ಕೆಲಸ. ಮೊದಲು ಗೋವೆಯಲ್ಲಿ, ಆಮೇಲೆ ತಮಿಳುನಾಡಿನ ಅರಕ್ಕೋಣಂ ನೆಲೆಯಲ್ಲಿದ್ದವು. ಅಲ್ಲಿಂದ ಬಿಡಿಬಿಡಿಯಾಗಿ ಕಳಚಿ ಲಾರಿಯಲ್ಲಿ ತಂದು ಕಾರವಾರದಲ್ಲಿ ಮತ್ತೆ ಜೋಡಿಸಿದ್ದು.

ಇಲ್ಲಿ ಒಂದು ತಮಾಷೆ ನೋಡಿ. ಈ ವಿಮಾನದ ಉದ್ದ ಸುಮಾರು 53 ಮೀಟರ್. ರೆಕ್ಕೆಯ ತುದಿಯಿಂದ ತುದಿಗೆ 50 ಮೀಟರ್. ಹಡಗು 39. ವಿಮಾನವೇ ಹಡಗಿಗಿಂತ ದೊಡ್ಡದು! ಎರಡನ್ನೂ ಒಟ್ಟಿಗೆ ನೋಡುವ ಜಾಗದಲ್ಲಿ ನಿಂತು ಮಕ್ಕಳಿಗೆ ಯಾವುದು ಉದ್ದ ಅಂತ ಕೇಳಿ, ಆಮೇಲೆ ಹೆಜ್ಜೆ ಹಾಕಿಸಿ.

ರೆಕ್ಕೆಯ ಎಂಜಿನ್‌ಗಳ ಹತ್ತಿರ ಹೋಗಿ. ನಾಲ್ಕು ಎಂಜಿನ್, ಒಂದೊಂದಕ್ಕೂ ಒಂದರ ಹಿಂದೆ ಒಂದರಂತೆ ಎರಡು ಪಂಖ. ಒಂದು ಬಲಕ್ಕೆ ತಿರುಗಿದರೆ ಇನ್ನೊಂದು ಎಡಕ್ಕೆ. ಪಂಖದ ಎಲೆಗಳು ಯಾವ ಕಡೆ ಬಾಗಿವೆ ಅಂತ ನೋಡಿದರೆ ಗೊತ್ತಾಗುತ್ತದೆ.

ಹಂತ 8: ಊರು, ನೌಕಾನೆಲೆ, ಊಟ

ಮಧ್ಯಾಹ್ನ ರೈಲಿನಿಂದ ಇಳಿದವರು ಮೊದಲು ಪೇಟೆಯಲ್ಲಿ ಊಟ ಮುಗಿಸಿ. ಮೀನು ತಿನ್ನುವವರಿಗೆ ಕಾರವಾರದ ಮೀನೂಟ ಮಿಸ್ ಮಾಡಬೇಡಿ ಅಂತ ಹೇಳಬೇಕಾಗಿಲ್ಲ. ತೆಂಗಿನಕಾಯಿ ಹಾಕುವುದರಲ್ಲಿ ಅವರು ನಮ್ಮವರೇ. ಉರಿಬಿಸಿಲು ಇಳಿದ ಮೇಲೆ, ಮೂರೂವರೆ ನಾಲ್ಕರ ಸುಮಾರಿಗೆ ಹಡಗಿನ ಹತ್ತಿರ ಹೋದರೆ ಫೋಟೋಕ್ಕೂ ಒಳ್ಳೆಯ ಬೆಳಕು.

ಕಾರವಾರದ ದಕ್ಷಿಣಕ್ಕೆ, ಅರ್ಗಾ ಕಡೆ, ಹೆದ್ದಾರಿಯ ಪಕ್ಕದಲ್ಲೇ ನೌಕಾನೆಲೆಯ ಗೋಡೆ ಉದ್ದಕ್ಕೂ ಕಾಣುತ್ತದೆ. ಸೀಬರ್ಡ್ ಯೋಜನೆ ಅನ್ನುತ್ತಾರಲ್ಲ, ಅದೇ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 2005ರಲ್ಲಿ ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಶುರುವಾಯಿತು. ಇದಕ್ಕಾಗಿ ಹಲವು ಹಳ್ಳಿಗಳ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದಡ ಬಿಟ್ಟು ಎದ್ದು ಹೋದವು. ಮೀನುಗಾರರು ಅದರಲ್ಲಿ ಬಹಳ ಜನ. ನಿಮ್ಮ ಆಟೋ ಡ್ರೈವರೇ ಅಂಥ ಮನೆಯವನಾಗಿರಬಹುದು. ಮಾತಾಡಿಸಿ. ಹಡಗಿನ ಮ್ಯೂಸಿಯಂ ನೋಡಲು ಹೋದವರಿಗೆ ಈ ಕಥೆಯೂ ಗೊತ್ತಿರಬೇಕು ಅಂತ ನನಗನಿಸುತ್ತದೆ.

ನೆಲೆಯ ಗೇಟು, ಗೋಡೆಯ ಫೋಟೋ ತೆಗೆಯಬೇಡಿ. ಡ್ರೋನಂತೂ ಚೀಲದಿಂದ ಹೊರಗೇ ತೆಗೆಯಬೇಡಿ. ಸುಮ್ನೆ ಪೊಲೀಸ್ ಠಾಣೆಯಲ್ಲಿ ಸಂಜೆ ಕಳೆಯುವ ಆಸೆ ಯಾರಿಗೂ ಇರುವುದಿಲ್ಲ.

ಅಲ್ಲೇ ಹತ್ತಿರದ ಅಂಜದೀವ್ ದ್ವೀಪವೂ ನೌಕಾಪಡೆಯ ಚರಿತ್ರೆಗೆ ಸೇರಿದ್ದು. 1961ರ ಡಿಸೆಂಬರಿನಲ್ಲಿ ಗೋವಾ ವಿಮೋಚನೆಯ ಹೊತ್ತಿಗೆ ಅಲ್ಲಿದ್ದ ಪೋರ್ಚುಗೀಸರ ಮೇಲೆ ಇಳಿದಾಗ ಏಳು ಭಾರತೀಯ ನಾವಿಕರು ಸತ್ತರು. ದ್ವೀಪ ಈಗ ನೆಲೆಯ ಒಳಗೇ ಇದೆ, ನಮಗೆ ಪ್ರವೇಶ ಇಲ್ಲ.

ಶಾಲೆಯವರು ಕರೆದುಕೊಂಡು ಹೋಗುವುದಾದರೆ

ನಮ್ಮ ಕನ್ನಡ ಮಾಧ್ಯಮ ಶಾಲೆಗಳ ಮಾಷ್ಟ್ರು, ಟೀಚರುಗಳಿಗೆ ಎರಡು ಮಾತು. ಬಸ್ಸು ಮಾಡಿದರೆ ಕೇರಳದಿಂದ ಕರ್ನಾಟಕಕ್ಕೆ ಹೋಗುವ ಪರ್ಮಿಟ್ ಇದೆಯಾ ಅಂತ ಕಾಗದ ನೋಡಿಯೇ ಮುಂಗಡ ಕೊಡಿ. ಬಾಯಿಮಾತು ತಲಪಾಡಿ ಗಡಿ ದಾಟುವ ತನಕ ಮಾತ್ರ. ಶಾಲಾ ಪ್ರವಾಸದಲ್ಲಿ ರಾತ್ರಿ ಪ್ರಯಾಣಕ್ಕೆ ಕೇರಳದಲ್ಲಿ ನಿರ್ಬಂಧ ಇದೆ. ಹಾಗಾಗಿ ಬಸ್ಸಿನಲ್ಲಿ ಒಂದೇ ದಿನದಲ್ಲಿ ಇದು ಆಗುವ ಕೆಲಸ ಅಲ್ಲ, ಎರಡು ದಿನ ಇಟ್ಟುಕೊಳ್ಳಿ.

ಹಡಗಿನೊಳಗೆ ಒಮ್ಮೆಗೆ ಇಡೀ ತರಗತಿ ಹಿಡಿಸುವುದಿಲ್ಲ. ಹತ್ತು ಹನ್ನೆರಡು ಮಕ್ಕಳ ಗುಂಪು ಮಾಡಿ. ಒಂದು ಗುಂಪು ಹಡಗಿನಲ್ಲಿ, ಇನ್ನೊಂದು ವಿಮಾನದ ಹತ್ತಿರ, ಮತ್ತೊಂದು ಹೊರಗಿನ ಸುತ್ತಿನಲ್ಲಿ. ಕಡಲಿಗೆ ಇಳಿಯಲು ಬಿಡುವುದಾದರೆ ಅದು ಕೊನೆಗೆ ಇರಲಿ. ಒದ್ದೆ ಬಟ್ಟೆಯ ಮಕ್ಕಳನ್ನು ಯಾವ ಮ್ಯೂಸಿಯಮ್ಮಿನವರೂ ಒಳಗೆ ಸೇರಿಸಿಕೊಳ್ಳುವುದಿಲ್ಲ.

ಕಾರವಾರ ಆಗದಿದ್ದರೆ

ಆಲಪ್ಪುಳ ಕಡೆ ಹೋಗುವ ಕೆಲಸವಿದ್ದರೆ ಅಲ್ಲಿನ ಕಡಲತೀರದಲ್ಲಿ ಟಿ-81 ಎಂಬ ನೌಕಾಪಡೆಯ ವೇಗದ ದೋಣಿ ಇದೆ. 2021ರಲ್ಲಿ ಸೇವೆಯಿಂದ ಇಳಿದದ್ದು. ಚಪಲ್‌ಗಿಂತಲೂ ಸಣ್ಣದು. ಅದಕ್ಕಾಗಿಯೇ ಹೋಗಬೇಕೆಂದಿಲ್ಲ, ದಾರಿಯಲ್ಲಿದ್ದರೆ ನೋಡಿ.

ವಿಶಾಖಪಟ್ಟಣದ ಐಎನ್‌ಎಸ್ ಕುರ್ಸುರಾ ಮಾತ್ರ ಬೇರೆಯೇ ಅನುಭವ. 1969ರಲ್ಲಿ ಸೇವೆಗೆ ಬಂದ, 91 ಮೀಟರ್ ಉದ್ದದ ಜಲಾಂತರ್ಗಾಮಿ. 2002ರಿಂದ ರಾಮಕೃಷ್ಣ ಬೀಚಿನಲ್ಲಿ ಮ್ಯೂಸಿಯಂ. ಒಂದು ತುದಿಯಿಂದ ಹೊಕ್ಕು ಇನ್ನೊಂದು ತುದಿಯಿಂದ ಹೊರಬರಬಹುದು. ಇಕ್ಕಟ್ಟಾದ ಜಾಗಕ್ಕೆ ಹೆದರುವವರಿಗೆ ಅದು ಬೇಡ. ಮುಂಬಯಿಯಲ್ಲಿ ವಿಮಾನವಾಹಕ ವಿಕ್ರಾಂತ್ ನೋಡಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹಳೆಯ ವಿಕ್ರಾಂತ್ 2012ರ ತನಕ ಮ್ಯೂಸಿಯಂ ಆಗಿತ್ತು, ಆಮೇಲೆ ಗುಜರಿಗೆ ಹೋಯಿತು. ಈಗಿನ ವಿಕ್ರಾಂತ್ ಸೇವೆಯಲ್ಲಿರುವ ಹೊಸ ಹಡಗು.

ಹಂತ 9: ವಾಪಸು

ಸಂಜೆಯ ಗಾಡಿ ಹಿಡಿಯುವವರು ಕಡಲತೀರದಿಂದ ಒಂದು ಗಂಟೆ ಮುಂಚೆ ಹೊರಡಿ. ಕತ್ತಲಾದ ಮೇಲೆ ಶಿರವಾಡಕ್ಕೆ ಆಟೋ ಬಾಡಿಗೆ ಏರುತ್ತದೆ. ಕರೆತಂದ ಡ್ರೈವರಿನ ನಂಬರ್ ಆಟೋದಿಂದ ಇಳಿಯುವಾಗಲೇ ಇಸ್ಕೊಂಡಿರಿ. ಮಂಗಳೂರು ಮುಟ್ಟುವಾಗ ರಾತ್ರಿ ತಡವಾಗಿರುತ್ತದೆ. ಆ ಹೊತ್ತಿಗೆ ಕಾಸರಗೋಡಿಗೆ ಬಸ್ಸು ಸಿಗುತ್ತದೆ ಅಂತ ನಂಬಿ ಕೂರಬೇಡಿ. ಮಂಗಳೂರಿನಲ್ಲಿ ನೆಂಟರ ಮನೆ ಇದ್ದರೆ ಮೊದಲೇ ಹೇಳಿಡಿ. ಇಲ್ಲದಿದ್ದರೆ ನಿಮ್ಮೂರಿನ ಟ್ಯಾಕ್ಸಿಯವರನ್ನೇ ಸೆಂಟ್ರಲ್‌ಗೆ ಬರಹೇಳಿ. ನಾಲ್ಕೈದು ಜನ ಹಂಚಿಕೊಂಡರೆ ಭಾರ ಆಗುವುದಿಲ್ಲ.